ಮನೆಮಂದಿಯ ದೋಣಿ ಎಷ್ಟು ದೊಡ್ಡದಿರಬೇಕು?

ಮೀನು ಹಿಡಿದು ಬದುಕುವ ಕುಟುಂಬದ ಕೈಯಲ್ಲಿ ಒಂದಿಷ್ಟು ದುಡ್ಡು ಉಳಿಯಿತೆಂದರೆ ಮೊದಲು ಏಳುವ ಮಾತು ದೋಣಿಯದು. ಹಳೆಯ ಹರಿಗೋಲಿಗೇ ಇನ್ನೊಂದು ಸಲ ಡಾಂಬರು ಬಳಿದು ವರ್ಷ ದೂಡುವುದೋ, ಸಾಲ ಮತ್ತು ಸಹಾಯಧನ ಸೇರಿಸಿ ಉದ್ದನೆಯ ಫೈಬರ್ ದೋಣಿ ತಂದು ಅದಕ್ಕೊಂದು ಮೋಟಾರು ಕೂರಿಸುವುದೋ? ದೋಣಿ ದೊಡ್ಡದಾದರೆ ಮೀನೂ ಹೆಚ್ಚು ಬರುತ್ತದೆ ಎಂಬ ಲೆಕ್ಕ ಎಷ್ಟು ಸಹಜವಾಗಿದೆಯೆಂದರೆ, ಅದನ್ನು ಯಾರೂ ಬಿಡಿಸಿ ನೋಡಲು ಹೋಗುವುದಿಲ್ಲ. ಬಿಡಿಸಿ ನೋಡಿದರೆ ಅದರೊಳಗೆ ನಾಲ್ಕು ಬೇರೆ ಬೇರೆ ಲೆಕ್ಕಗಳಿವೆ: ದೋಣಿ ಎಷ್ಟು ಭಾರ ಹೊರುತ್ತದೆ, ಎಷ್ಟು ವೇಗವಾಗಿ ಹೋಗುತ್ತದೆ, ಎಷ್ಟು ಭದ್ರವಾಗಿ ನಿಲ್ಲುತ್ತದೆ, ಎಷ್ಟು ಮೀನು ತರುತ್ತದೆ. ಗಾತ್ರ ಬೆಳೆದಂತೆ ಇವು ನಾಲ್ಕೂ ಒಂದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಮೊದಲನೆಯದು ಧಾರಾಳವಾಗಿ ಬೆಳೆಯುತ್ತದೆ, ಎರಡನೆಯದು ಜಿಪುಣತನದಿಂದ, ಮೂರನೆಯದು ಅಗಲವನ್ನು ನಂಬಿಕೊಂಡು. ನಾಲ್ಕನೆಯದು, ಅಂದರೆ ಮೀನು, ದೋಣಿಯ ಗಾತ್ರದ ಮಾತನ್ನು ಬಹುಮಟ್ಟಿಗೆ ಕೇಳುವುದೇ ಇಲ್ಲ. ಅದು ನೀರಿನ ಮಾತು ಕೇಳುತ್ತದೆ. ಈ ಕಾರಣಕ್ಕೆ, ಮಲಪ್ರಭೆಯಂಥ ನೀರಿನಲ್ಲಿ ದುಡಿಯುವ ಕುಟುಂಬಕ್ಕೆ ಉದ್ದನೆಯ ದೋಣಿಗಿಂತ ಸ್ವಲ್ಪ ಅಗಲವಾದ ಹರಿಗೋಲು, ಒಂದು ಮಂಜುಗಡ್ಡೆಯ ಪೆಟ್ಟಿಗೆ ಮತ್ತು ಸರಿಯಾದ ಕಣ್ಣಿನ ಬಲೆ ಹೆಚ್ಚು ಲಾಭ ಕೊಡುತ್ತವೆ ಎಂಬುದು ಈ ಅಧ್ಯಾಯದ ವಾದ.

ವಾದಕ್ಕೆ ಇಳಿಯುವ ಮುನ್ನ ನೀರನ್ನು ನೋಡಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕು ಎರಡು ಕಡಲುಗಳಿಗೆ ನೀರು ಹಂಚುವ ನೆಲ. ಅದರ ಕಾಡುಗಳಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವೆಯಲ್ಲಿ ಮಾಂಡೋವಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದಲ್ಲಿ, ಹುಟ್ಟುವ ಮಲಪ್ರಭೆ ಪೂರ್ವಕ್ಕೆ ತಿರುಗಿ, ಖಾನಾಪುರ ಊರನ್ನೂ ಅಸೋಗೆಯನ್ನೂ ಹಾದು, ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕಣಕುಂಬಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿದರೆ, ಅದೇ ನದಿ ತಲುಪುವ ಸವದತ್ತಿಯ ಬಯಲಿನಲ್ಲಿ ಬೀಳುವುದು ಅದರ ಐದನೆಯ ಒಂದು ಪಾಲಿನ ಆಸುಪಾಸು. ಖಾನಾಪುರದ ಆಸುಪಾಸಿನಲ್ಲಿ ಮಲಪ್ರಭೆ ಬಂಡೆ, ಮಡು, ಮರಳುಗಳ ನದಿ. ಜುಲೈಯಲ್ಲಿ ಯಾವ ದೋಣಿಯೂ ಅದರಲ್ಲಿ ನಿಲ್ಲದು, ಏಪ್ರಿಲ್‌ನಲ್ಲಿ ಎಷ್ಟೋ ಕಡೆ ದೋಣಿಯ ಅಗತ್ಯವೇ ಇಲ್ಲ. ನದಿ ದೊಡ್ಡ ನೀರಾಗುವುದು ಕೆಳಗೆ, ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ. ಅಲ್ಲಿ ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಗೆ ಅಡ್ಡಲಾಗಿ 1970ರ ದಶಕದ ಆರಂಭದಲ್ಲಿ ಎದ್ದ ಅಣೆಕಟ್ಟೆಯ ಹಿಂದೆ ರೇಣುಕಾ ಸಾಗರ ಹರಡಿಕೊಂಡಿದೆ. ಅದರ ಸಂಗ್ರಹ ಸಾಮರ್ಥ್ಯ 37.73 ಟಿಎಂಸಿ ಅಡಿ. ಬೆಳಗಾವಿ ಜಿಲ್ಲೆಯಲ್ಲಿ ಮನೆಮಂದಿಯ ದೋಣಿ ಎಂಬ ಮಾತಿಗೆ ನಿಜವಾದ ಅರ್ಥ ಬರುವುದು ಇಲ್ಲಿ, ಹಾಗೆಯೇ ಘಟಪ್ರಭೆಯ ಹಿಡಕಲ್ ಜಲಾಶಯದಲ್ಲಿ. ಮೀನು ಹಿಡಿಯುವ ಹಕ್ಕು ಮೀನುಗಾರಿಕೆ ಇಲಾಖೆಯ ಪರವಾನಗಿ ಇಲ್ಲವೇ ಗುತ್ತಿಗೆಯ ಮೂಲಕ ಬರುತ್ತದೆ. ದೋಣಿಯಲ್ಲಿ ಸಾಮಾನ್ಯವಾಗಿ ಇಬ್ಬರು: ಒಬ್ಬರು ಹುಟ್ಟು ಹಾಕುತ್ತಾರೆ, ಇನ್ನೊಬ್ಬರು ಬಲೆ ಬಿಡುತ್ತಾರೆ. ಬಹಳ ಸಲ ಇವರು ಗಂಡ ಹೆಂಡತಿ.

ಈಗ ಹರಿಗೋಲನ್ನೇ ಹತ್ತಿರದಿಂದ ನೋಡೋಣ. ಬಿದಿರಿನ ಸೀಳುಗಳನ್ನು ಹೆಣೆದು, ಹೊರಮೈಗೆ ಹಿಂದೆ ತೊಗಲು ಹೊದಿಸುತ್ತಿದ್ದರು. ಆಮೇಲೆ ತಾಡಪಾಲು, ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದವು. ಈಗ ಇಡಿಯಾಗಿ ಫೈಬರ್‌ನಲ್ಲೇ ಮಾಡಿದವೂ ಬಳಕೆಯಲ್ಲಿವೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನ ಬುಟ್ಟಿಯಾಕಾರದ, ತೊಗಲು ಹೊದಿಸಿದ ದೋಣಿಗಳಲ್ಲಿ ಆನೆಗೊಂದಿಗೆ ದಾಟುತ್ತಿದ್ದುದನ್ನೂ ಒಂದೊಂದರಲ್ಲಿ 15–20 ಮಂದಿ ಕೂರುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಐದು ಶತಮಾನ ಉಳಿದು ಬಂದ ಆಕಾರಕ್ಕೆ ಕಾರಣವಿರಲೇಬೇಕು. ಒಂದೇ ಸುತ್ತಳತೆಯ ಆಕಾರಗಳಲ್ಲಿ ಅತಿ ಹೆಚ್ಚು ಜಾಗವನ್ನು ಒಳಗೊಳ್ಳುವುದು ವೃತ್ತ. ಕಡಿಮೆ ಬಿದಿರು, ಕಡಿಮೆ ಹೊದಿಕೆ, ಹೆಚ್ಚು ತಳ. ತಳ ಹೆಚ್ಚಿದ್ದಷ್ಟೂ ದೋಣಿ ಕಡಿಮೆ ಮುಳುಗುತ್ತದೆ, ಏಕೆಂದರೆ ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂದು ಆರ್ಕಿಮಿಡೀಸ್ ಹೇಳಿದ ನಿಯಮ ಮಲಪ್ರಭೆಗೂ ಅನ್ವಯಿಸುತ್ತದೆ. ಎರಡು ಮೀಟರ್ ವ್ಯಾಸದ ಹರಿಗೋಲಿನ ತಳ ಸುಮಾರು 3.14 ಚದರ ಮೀಟರ್. ತಳ ಚಪ್ಪಟೆಯೆಂದು ಹಿಡಿದರೆ, ಅದು ಒಂದು ಸೆಂಟಿಮೀಟರ್ ಆಳಕ್ಕೆ ಇಳಿಯಬೇಕಾದರೆ 31 ಕಿಲೋ ಭಾರ ಬೇಕು. ಇಬ್ಬರು ಆಳು, ಬಲೆ, ಹರಿಗೋಲಿನ ಸ್ವಂತ ತೂಕ ಎಲ್ಲ ಸೇರಿ 190 ಕಿಲೋ ಎನ್ನಿ: ಅದು ಮುಳುಗುವುದು ಆರು ಸೆಂಟಿಮೀಟರ್. ತಳದ ಬಾಗನ್ನು ಲೆಕ್ಕಕ್ಕೆ ಹಿಡಿದು ಇನ್ನಷ್ಟು ಸೇರಿಸಿದರೂ ಗೇಣುದ್ದ ನೀರಿದ್ದರೆ ಧಾರಾಳವಾಯಿತು.

ಈ ಅಂಕಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮೀನಿನ ಲೆಕ್ಕಕ್ಕೆ ಬರೋಣ. ಭಾರತದ ಜಲಾಶಯಗಳ ಮೀನುಗಾರಿಕೆಯನ್ನು ಕುರಿತು ವಿ. ವಿ. ಸುಗುಣನ್ ಅವರು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ 1995ರಲ್ಲಿ ಪ್ರಕಟಿಸಿದ ಸಮೀಕ್ಷೆ ಇಂದಿಗೂ ಈ ವಿಷಯದ ಮೂಲ ಆಕರ. ಅದರ ಪ್ರಕಾರ ಸಣ್ಣ ಜಲಾಶಯಗಳು ಹೆಕ್ಟೇರಿಗೆ ವರ್ಷಕ್ಕೆ ಸುಮಾರು 50 ಕಿಲೋ ಮೀನು ಕೊಟ್ಟರೆ, ಮಧ್ಯಮ ಗಾತ್ರದವು 12 ಕಿಲೋ, ಐದು ಸಾವಿರ ಹೆಕ್ಟೇರ್ ಮೀರಿದ ದೊಡ್ಡ ಜಲಾಶಯಗಳು 11 ಕಿಲೋ ಚಿಲ್ಲರೆ. ರೇಣುಕಾ ಸಾಗರ ಈ ಕೊನೆಯ ಗುಂಪಿಗೆ ಸೇರಿದ್ದು. ಲೆಕ್ಕಕ್ಕೆಂದು ಐದು ಸಾವಿರ ಹೆಕ್ಟೇರಿನ ಒಂದು ಜಲಾಶಯವನ್ನೂ ಅದರಲ್ಲಿ ನೂರು ಕುಟುಂಬಗಳನ್ನೂ ಕಲ್ಪಿಸಿಕೊಳ್ಳಿ. ವರ್ಷದ ಒಟ್ಟು ಇಳುವರಿ 57 ಟನ್. ಒಂದು ಕುಟುಂಬದ ಪಾಲು 570 ಕಿಲೋ. ವರ್ಷದಲ್ಲಿ 300 ದಿನ ನೀರಿಗಿಳಿದರೆ ದಿನಕ್ಕೆ ಎರಡು ಕಿಲೋ ತುಂಬದು. ಎರಡು ಕಿಲೋ ಮೀನು ಬಿದ್ದಾಗ ಎರಡು ಮೀಟರಿನ ಹರಿಗೋಲು ನೀರಿನಲ್ಲಿ ಎಷ್ಟು ಕೆಳಗೆ ಇಳಿಯುತ್ತದೆ? ಒಂದು ಮಿಲಿಮೀಟರ್ ಕೂಡ ಇಲ್ಲ, ಅದರ ಅರ್ಧಕ್ಕಿಂತ ತುಸು ಹೆಚ್ಚು. ಸರಾಸರಿ ಎಂಬುದು ಮೋಸ ಮಾಡುತ್ತದೆ, ಸುಗ್ಗಿಯ ದಿನಗಳಲ್ಲಿ ಬಲೆ ತುಂಬಿ ಬರುವುದುಂಟು ಎಂದು ಇಲ್ಲಿ ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಹಾಗಿದ್ದರೆ ಇಪ್ಪತ್ತು ಪಟ್ಟು ಹೆಚ್ಚಿಸಿ, ನಲವತ್ತು ಕಿಲೋ ಎನ್ನಿ. ಆಗಲೂ ಹರಿಗೋಲು ಇಳಿಯುವುದು ಒಂದೂಕಾಲು ಸೆಂಟಿಮೀಟರ್. ಜಾಗ ಸಾಲದೆ ಮೀನನ್ನು ನೀರಿಗೇ ಬಿಟ್ಟು ಬರಬೇಕಾದ ದಿನ ಈ ದೋಣಿಗೆ ಬರುವುದೇ ಇಲ್ಲ. ಹೀಗಿರುವಾಗ ಹೊರುವ ಶಕ್ತಿಗಾಗಿ ದೊಡ್ಡ ದೋಣಿ ಕೊಳ್ಳುವವರು ತಮಗಿಲ್ಲದ ಕೊರತೆಯನ್ನು ನೀಗಿಸಿಕೊಳ್ಳಲು ಸಾಲ ಮಾಡುತ್ತಿದ್ದಾರೆ.

ಅಷ್ಟು ದೊಡ್ಡ ನೀರು ಇಷ್ಟು ಕಡಿಮೆ ಮೀನು ಕೊಡುವುದೇಕೆ? ಜಲಾಶಯದಲ್ಲಿ ಆಹಾರ ಹುಟ್ಟುವುದು ಬೆಳಕು ತಲುಪುವ ಮೇಲಿನ ಪದರದಲ್ಲಿ, ಕಣ್ಣಿಗೆ ಕಾಣದ ಪಾಚಿಗಳಲ್ಲಿ. ಅವನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ, ಇವನ್ನು ಸಣ್ಣ ಮೀನು, ಸಣ್ಣದನ್ನು ದೊಡ್ಡದು. ಒಂದೊಂದು ಮೆಟ್ಟಿಲು ಏರುವಾಗಲೂ ಶಕ್ತಿಯ ಬಹುಪಾಲು ಸೋರಿಹೋಗುತ್ತದೆ. 1942ರಲ್ಲಿ ಅಮೆರಿಕದ ರೇಮಂಡ್ ಲಿಂಡೆಮನ್ ಒಂದು ಪುಟ್ಟ ಜೌಗುಕೆರೆಯ ಅಧ್ಯಯನದಿಂದ ಈ ವಿಚಾರಕ್ಕೆ ಗಟ್ಟಿ ರೂಪ ಕೊಟ್ಟ. ಮೇಲಿನ ಮೆಟ್ಟಿಲಿಗೆ ದಾಟುವುದು ಸ್ಥೂಲವಾಗಿ ಹತ್ತನೆಯ ಒಂದು ಪಾಲು ಎಂಬ ಅಂದಾಜು ಅಲ್ಲಿಂದ ಬೆಳೆದು ಬಂದದ್ದು. ಇದರ ಮೇಲೆ ಮಲಪ್ರಭೆಯದೇ ಆದ ಕಾರಣಗಳೂ ಇವೆ. ಖಾನಾಪುರದ ಪಶ್ಚಿಮ ಭಾಗದ ಜಂಬಿಟ್ಟಿಗೆ ನೆಲವನ್ನು ಸಾವಿರಾರು ವರ್ಷಗಳ ಜಡಿಮಳೆ ತೊಳೆದು ಸಾರ ಇಳಿಸಿದೆ. ಅಲ್ಲಿಂದ ಹರಿದು ಬರುವ ನೀರಿನಲ್ಲಿ ಪಾಚಿಗೆ ಬೇಕಾದ ಲವಣಗಳು ಕಡಿಮೆ. ಮುಂದೆ ಎರೆಭೂಮಿಯನ್ನು ಹಾಯುವಾಗ ನೀರು ಒಂದಿಷ್ಟು ಸಾರವನ್ನು ಕೂಡಿಸಿಕೊಳ್ಳುತ್ತದೆ ನಿಜ, ಆದರೆ ಮಳೆಗಾಲದ ಕೆಸರು ಬೆಳಕನ್ನು ಅಡ್ಡಗಟ್ಟುತ್ತದೆ. ಇನ್ನು ನೀರಿನ ಮಟ್ಟ. ಕಾಲುವೆಗೆ ಬಿಟ್ಟಂತೆ, ಕುಡಿಯಲು ಎತ್ತಿದಂತೆ ಜಲಾಶಯ ತಿಂಗಳಿಂದ ತಿಂಗಳಿಗೆ ಕುಗ್ಗುತ್ತದೆ. ದಡದ ಪಕ್ಕದ ತೆಳುನೀರು, ಅಂದರೆ ಮೀನುಮರಿಗಳು ಮೇಯುವ ಅತ್ಯಂತ ಸಮೃದ್ಧ ಜಾಗ, ಒಣಗಿ ಬಿರುಕು ಬಿಡುತ್ತದೆ. ಕಾಟ್ಲಾ, ರೋಹು, ಮೃಗಾಲ ಮೀನುಗಳಂತೂ ನಿಂತ ನೀರಿನಲ್ಲಿ ಸಂತಾನ ಬೆಳೆಸುವುದಿಲ್ಲ, ಅವಕ್ಕೆ ಮಳೆಗಾಲದ ಹರಿವು ಬೇಕು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಚುಚ್ಚುಮದ್ದು ಕೊಟ್ಟು ಈ ಗೆಂಡೆಗಳನ್ನು ಮೊಟ್ಟೆಯಿಡಿಸುವ ವಿಧಾನದಲ್ಲಿ ಗೆದ್ದದ್ದರಿಂದಲೇ ಇಂದು ಮರಿಗಳನ್ನು ತಯಾರಿಸಿ ಜಲಾಶಯಕ್ಕೆ ಬಿಡಲು ಸಾಧ್ಯವಾಗಿದೆ. ಆ ದಿನವನ್ನು ದೇಶ ಮೀನು ಕೃಷಿಕರ ದಿನವೆಂದು ಆಚರಿಸುತ್ತದೆ, ಆಚರಿಸತಕ್ಕದ್ದೇ. ಸಣ್ಣ ಜಲಾಶಯಗಳ ಇಳುವರಿ ನಾಲ್ಕು ಪಟ್ಟು ಹೆಚ್ಚಿರುವುದಕ್ಕೆ ಮುಖ್ಯ ಕಾರಣ ಅಲ್ಲಿ ಬಿಟ್ಟ ಮರಿ ವಿಶಾಲ ನೀರಿನಲ್ಲಿ ಕಳೆದುಹೋಗದೆ ಬಲೆಗೆ ಮರಳಿ ಸಿಗುವುದು. ಎಷ್ಟು ಮರಿ ಬಿಟ್ಟರು, ಅವು ಎಷ್ಟು ದೊಡ್ಡವಿದ್ದವು, ಎಷ್ಟು ಬದುಕಿದವು ಎಂಬುದು ಜಲಾಶಯದ ಇಳುವರಿಯನ್ನು ಬದಲಿಸುತ್ತದೆ. ಆ ಸಾಲಿನಲ್ಲಿ ದೋಣಿಯ ಉದ್ದಕ್ಕೆ ಸ್ಥಾನವಿಲ್ಲ.

ಹಾಗಾದರೆ ವೇಗ? ದೂರದ ಮೂಲೆಗಳಿಗೆ ಬೇಗ ಹೋಗಿ ಬರಬಹುದಲ್ಲ ಎಂಬುದು ದೊಡ್ಡ ದೋಣಿಯ ಪರವಾದ ಎರಡನೆಯ ಮಾತು. ಇದಕ್ಕೆ ಉತ್ತರ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿದೆ. ವಿಲಿಯಂ ಫ್ರೌಡ್ ಎಂಬ ಇಂಜಿನಿಯರ್ ಮೂರು, ಆರು, ಹನ್ನೆರಡು ಅಡಿಗಳ ದೋಣಿಯ ಮಾದರಿಗಳನ್ನು ನೀರಿನಲ್ಲಿ ಎಳೆದು ನೋಡಿ, ಸಾಗುವ ದೋಣಿ ತಾನೇ ಎಬ್ಬಿಸುವ ಅಲೆಗೂ ಅದರ ಉದ್ದಕ್ಕೂ ಇರುವ ಸಂಬಂಧವನ್ನು ಬಿಡಿಸಿದ. ದೋಣಿಯ ವೇಗ ಹೆಚ್ಚಿದಂತೆ ಅದು ಎಬ್ಬಿಸುವ ಅಲೆ ಉದ್ದವಾಗುತ್ತ ಹೋಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದಾಗ ಮೂತಿ ಒಂದು ಅಲೆಯ ನೆತ್ತಿಯ ಮೇಲೆ, ಹಿಂಭಾಗ ಮುಂದಿನ ನೆತ್ತಿಯ ಹತ್ತಿರ ಇರುತ್ತದೆ. ಅದನ್ನು ಮೀರಲು ಹೋದರೆ ದೋಣಿ ತನ್ನದೇ ಅಲೆಯ ಏರು ಹತ್ತಬೇಕು. ಈ ಮಿತಿಯ ವೇಗ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದಕ್ಕೆ ಸುಲಭ ಸೂತ್ರ: ನೀರಿಗೆ ತಾಗಿರುವ ಉದ್ದದ ವರ್ಗಮೂಲವನ್ನು ನಾಲ್ಕೂವರೆಯಿಂದ ಗುಣಿಸಿ. ನಾಲ್ಕು ಮೀಟರಿನ ದೋಣಿಗೆ ಒಂಬತ್ತು ಕಿಲೋಮೀಟರ್, ಒಂಬತ್ತು ಮೀಟರಿನದಕ್ಕೆ ಹದಿಮೂರೂವರೆ. ವೇಗ ಇಮ್ಮಡಿಯಾಗಬೇಕೆಂದರೆ ಉದ್ದ ನಾಲ್ಕು ಪಟ್ಟಾಗಬೇಕು. ಬಲವಾದ ಮೋಟಾರು ಹಾಕಿ, ಹಗುರ ದೋಣಿಯನ್ನು ನೀರಿನ ಮೇಲ್ಮೈಯಲ್ಲಿ ಜಾರಿಸಿಕೊಂಡು ಹೋದರೆ ಈ ಮಿತಿಯನ್ನು ಮೀರಬಹುದು, ಆದರೆ ಅದರ ಬೆಲೆ ಇಂಧನದಲ್ಲಿ ತೆರಬೇಕು. ಮಿತಿಯೊಳಗೇ ಇದ್ದರೂ ವೇಗ ಇಮ್ಮಡಿಸಲು ಬೇಕಾಗುವ ಎಂಜಿನ್ ಬಲ ಸರಿಸುಮಾರು ಎಂಟು ಪಟ್ಟು. ಅಷ್ಟೇ ದೂರ ಕ್ರಮಿಸಲು ಸುಡುವ ಎಣ್ಣೆ ನಾಲ್ಕು ಪಟ್ಟು. ಹುಟ್ಟು ಹಾಕುವ ತೋಳಿಗೆ ಹೊಟ್ಟೆಗೆ ಹಾಕುವ ಅನ್ನವೇ ಇಂಧನ, ಮೋಟಾರಿಗೆ ದಿನಾ ಬೆಳಗ್ಗೆ ಜೇಬಿನಿಂದ ಹಾಕಬೇಕು. ದಿನಕ್ಕೆ ಎರಡು, ನಾಲ್ಕು ಕಿಲೋ ಮೀನಿನ ಮೇಲೆ ಈ ಖರ್ಚು ಹೊರಿಸಿದರೆ ಉಳಿಯುವುದೇನೆಂದು ಯಾವ ಮನೆಯೊಡತಿಯೂ ಬಾಯಲ್ಲೇ ಲೆಕ್ಕ ಹಾಕಬಲ್ಲಳು. ಅದಕ್ಕಿಂತ ಮುಖ್ಯವಾದ ಮಾತು, ಇಲ್ಲಿ ಮೀನು ಹಿಡಿಯುವುದು ದೋಣಿಯಲ್ಲ, ಬಲೆ. ಸಂಜೆ ನೀರಿನಲ್ಲಿ ಗೋಡೆಯಂತೆ ಬಲೆ ಬಿಟ್ಟು ಬರುತ್ತಾರೆ, ಬೆಳಗಿನ ಜಾವ ಎತ್ತುತ್ತಾರೆ. ಮೀನು ತಾನಾಗಿ ಬಂದು ಕಣ್ಣಿಗೆ ತಲೆ ತೂರಿಸಿ ಕಿವಿರಿನ ಹತ್ತಿರ ಸಿಕ್ಕಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ದೋಣಿ ದಡದಲ್ಲಿ ಮಗುಚಿ ಮಲಗಿರುತ್ತದೆ. ಸಮುದ್ರದಲ್ಲಿ ಬಲೆ ಎಳೆಯುತ್ತ ಮೀನಿನ ಬೆನ್ನಟ್ಟುವ ಟ್ರಾಲರ್‌ಗೆ ವೇಗ ಮತ್ತು ಬಲ ಆದಾಯದ ಮೂಲ. ನಿಂತ ಬಲೆಯ ಮೀನುಗಾರನಿಗೆ ಅವು ಬರಿಯ ಪ್ರಯಾಣದ ಖರ್ಚು.

ಭದ್ರತೆಯ ವಾದವನ್ನು ಮಾತ್ರ ಹಗುರವಾಗಿ ಕಾಣಲು ಬರುವುದಿಲ್ಲ, ಏಕೆಂದರೆ ಅದು ಜೀವದ ಪ್ರಶ್ನೆ. ಅಗಲವಾದ ಜಲಾಶಯದ ಮೇಲೆ ಗಾಳಿ ಎಷ್ಟು ಉದ್ದಕ್ಕೆ ತಡೆಯಿಲ್ಲದೆ ಬೀಸುತ್ತದೋ ಅಲೆ ಅಷ್ಟು ಬೆಳೆಯುತ್ತದೆ. ಪಶ್ಚಿಮದ ಮುಂಗಾರು ಗಾಳಿಗೆ ತೆರೆದುಕೊಂಡ ಬಯಲಿನ ನೀರಿನಲ್ಲಿ ಸಣ್ಣ ಹರಿಗೋಲು ಗಿರಕಿ ಹೊಡೆಯುತ್ತದೆ, ಅಂಚಿನ ಮೇಲಿಂದ ನೀರು ಒಳಗೆ ಸಿಡಿಯುತ್ತದೆ, ಬಲೆ ಎಳೆಯಲು ಇಬ್ಬರೂ ಒಂದೇ ಮಗ್ಗುಲಿಗೆ ಬಾಗಿದಾಗ ಮಗುಚುವ ಭಯವಿದೆ. ಇಲ್ಲಿ ದೊಡ್ಡ ದೋಣಿ ಬೇಕೆನ್ನುವವರ ಮಾತು ಸರಿ, ಆದರೆ ಯಾವ ದಿಕ್ಕಿಗೆ ದೊಡ್ಡದು ಎಂಬುದು ಪ್ರಶ್ನೆ. ವಾಲಿದ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವ ಶಕ್ತಿ ಅದರ ಉದ್ದದ ಜೊತೆಗೆ ನೇರ ಅನುಪಾತದಲ್ಲಿ ಬೆಳೆದರೆ, ಅಗಲದ ಜೊತೆಗೆ ಅಗಲದ ಘನದಂತೆ ಬೆಳೆಯುತ್ತದೆ. ಅಷ್ಟೇ ಭಾರದ ದೋಣಿಯ ಉದ್ದವನ್ನು ಕಾಲುಪಾಲು ಹೆಚ್ಚಿಸಿದರೆ ಈ ಶಕ್ತಿ ಕಾಲುಪಾಲು ಹೆಚ್ಚುತ್ತದೆ. ಅಗಲವನ್ನು ಕಾಲುಪಾಲು ಹೆಚ್ಚಿಸಿದರೆ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ದುಂಡಗಿನ ಹರಿಗೋಲಿನಲ್ಲಿ ಉದ್ದ ಅಗಲ ಎರಡೂ ಒಂದೇ ಆದದ್ದರಿಂದ, ಎರಡು ಮೀಟರಿನ ವ್ಯಾಸವನ್ನು ಎರಡೂವರೆಗೆ ಏರಿಸಿದರೆ ಸ್ಥಿರತೆ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ. ಎತ್ತರ ಕೆಲಸ ಮಾಡುವುದು ಇದಕ್ಕೆ ತದ್ವಿರುದ್ಧವಾಗಿ. ಸ್ವೀಡನ್ನಿನ ರಾಜ ಹೆಮ್ಮೆಯಿಂದ ಕಟ್ಟಿಸಿದ ‘ವಾಸಾ’ ಯುದ್ಧನೌಕೆ 1628ರ ಆಗಸ್ಟ್ 10ರಂದು ತನ್ನ ಮೊದಲ ಯಾನದಲ್ಲೇ, 1,300 ಮೀಟರ್ ಕೂಡ ದಾಟುವುದರೊಳಗೆ, ಸಾಧಾರಣ ಗಾಳಿಗೆ ವಾಲಿ ಮುಳುಗಿತು. ಅದು ಸಣ್ಣದಾಗಿತ್ತೆಂದು ಮುಳುಗಲಿಲ್ಲ. ಅಗಲಕ್ಕೆ ಮೀರಿ ಭಾರವನ್ನು ಎತ್ತರದಲ್ಲಿ ಹೇರಿದ್ದಕ್ಕೆ ಮುಳುಗಿತು. ಸುರಕ್ಷತೆಗಾಗಿ ದುಡ್ಡು ಹಾಕುವ ಕುಟುಂಬ ಅದನ್ನು ಅಗಲಕ್ಕೆ ಹಾಕಲಿ, ಅಂಚಿನ ಒಳಸುತ್ತಿಗೆ ಮಗುಚಿದರೂ ತೇಲಿಸಿ ಹಿಡಿಯುವ ಫೋಮ್ ತುಂಬಿಸಲು ಹಾಕಲಿ, ಇಬ್ಬರಿಗೂ ಎರಡು ಜೀವರಕ್ಷಕ ಜಾಕೆಟ್ ಕೊಳ್ಳಲು ಹಾಕಲಿ. ಇದರಲ್ಲಿ ಜಿಪುಣತನ ಕೂಡದು.

ಅಗಲಕ್ಕೂ ಒಂದು ಮಿತಿಯುಂಟು, ಅದನ್ನು ಹಾಕುವುದು ಬೇಸಿಗೆ. ಕಣಕುಂಬಿಯಲ್ಲಿ ಮಳೆ ಕೈಕೊಟ್ಟ ವರ್ಷ ನವಿಲುತೀರ್ಥದಲ್ಲಿ ನೀರು ತುಂಬುವುದಿಲ್ಲ, ಅಂಥ ವರ್ಷಗಳೇನೂ ಕಡಿಮೆಯಲ್ಲ. 2019ರ ಆಗಸ್ಟಿನಂತೆ ಅಣೆಕಟ್ಟೆಯಿಂದ ನೀರು ಹೊರಬಿಟ್ಟು ಕೆಳಗಿನ ಊರುಗಳು ಮುಳುಗುವ ವರ್ಷವೂ ಬರುತ್ತದೆ. ತುಂಬಿದ ವರ್ಷದಲ್ಲೂ ಮಾರ್ಚ್ ಹೊತ್ತಿಗೆ ನೀರು ದಡದ ಊರನ್ನು ಬಿಟ್ಟು ದೂರ ಸರಿದಿರುತ್ತದೆ, ನಡುವೆ ಕೆಸರು ಮತ್ತು ಬಿರುಕು ನೆಲ. ಹರಿಗೋಲನ್ನು ಒಬ್ಬ ಆಳು ಬೋರಲಾಗಿ ಬೆನ್ನಿಗೇರಿಸಿ, ಅಂಚನ್ನು ಎರಡು ಕೈಯಲ್ಲಿ ಹಿಡಿದು, ನೀರಿದ್ದಲ್ಲಿಗೆ ನಡೆದುಹೋಗಬಲ್ಲ. ಎದುರಿನಿಂದ ನೋಡುವವರಿಗೆ ಆಳು ಕಾಣುವುದಿಲ್ಲ, ಕಾಲಿರುವ ಒಂದು ಬುಟ್ಟಿ ಕಾಣುತ್ತದೆ. ವ್ಯಾಸ ಎರಡರಿಂದ ಎರಡೂವರೆ ಮೀಟರಿಗೆ ಏರಿದರೆ ತಳದ ತೂಕ ಒಂದೂವರೆ ಪಟ್ಟು ಮೀರುತ್ತದೆ. ಆಗ ಇಬ್ಬರು ಬೇಕು, ಆದರೆ ಇಬ್ಬರು ಹೇಗೂ ಇದ್ದಾರೆ. ಆರು ಮೀಟರಿನ ಫೈಬರ್ ದೋಣಿಗೆ ನಾಲ್ಕಾರು ಜನ ಬೇಕು, ಇಲ್ಲವೇ ಟ್ರ್ಯಾಕ್ಟರ್. ಸಾಲದ ಕಂತು ನೀರಿನ ಮಟ್ಟ ನೋಡಿ ಇಳಿಯುವುದಿಲ್ಲ. ದೋಣಿ ಮೂರು ತಿಂಗಳು ಒಣನೆಲದಲ್ಲಿ ಬಿದ್ದರೂ ಅದು ತಿಂಗಳು ತಿಂಗಳು ಬರುತ್ತದೆ. ಎರಡೂವರೆ ಮೀಟರಿನ ಆಸುಪಾಸಿನ ಹರಿಗೋಲೇ ಇಬ್ಬರ ಕುಟುಂಬಕ್ಕೆ ಒಪ್ಪುವ ಮೇಲಿನ ಮಿತಿ ಎಂದು ನಾನು ಹೇಳುವುದು ಈ ಕಾರಣದಿಂದ.

ಉಳಿದ ಹಣ ಎಲ್ಲಿಗೆ ಹೋಗಬೇಕು? ಮಂಜುಗಡ್ಡೆಗೆ. ಬೆಳಗಾವಿಯ ಮೀನು ಪೇಟೆಯಲ್ಲಿ ನದಿಯ ಮೀನಿಗೆ ಪಕ್ಕದಲ್ಲೇ ಪೈಪೋಟಿ ಇದೆ. ಗೋವೆಯ ಕಡಲಿನ ಬಂಗುಡೆ, ತಾರ್ಲಿ, ಸುರಮಾಯಿಗಳು ಮಂಜುಗಡ್ಡೆಯಲ್ಲಿ ಹುದುಗಿ ಘಟ್ಟ ಹತ್ತಿ ಬರುತ್ತವೆ. ಚೋರ್ಲಾ ಘಾಟಿನ ದಾರಿಯಂತೂ ಮಲಪ್ರಭೆ ಹುಟ್ಟುವ ಕಣಕುಂಬಿಯನ್ನೇ ಹಾದು ಬರುತ್ತದೆ. ಅದಕ್ಕೆ ಹೋಲಿಸಿದರೆ ಹತ್ತಿರದ ನೀರಿನಲ್ಲೇ ಬೆಳಗ್ಗೆ ಹಿಡಿದ ಮೀನು ಬಿಸಿಲಿನಲ್ಲಿ ಒದ್ದೆ ಗೋಣಿ ಹೊದ್ದು ಬಂದು ಮಧ್ಯಾಹ್ನಕ್ಕೆ ಮಂಕಾಗಿರುತ್ತದೆ. ಮೀನು ಕೆಡುವುದು ಅದರ ಮೈಮೇಲಿನ ಬ್ಯಾಕ್ಟೀರಿಯಾ ಮತ್ತು ಒಳಗಿನ ಕಿಣ್ವಗಳಿಂದ, ಎರಡಕ್ಕೂ ಉಷ್ಣತೆಯೇ ಚಾಲಕ. ಮೀನು ತಂತ್ರಜ್ಞರು ಬಳಸುವ ಅಂದಾಜಿನ ಪ್ರಕಾರ, ಕರಗುವ ಮಂಜುಗಡ್ಡೆಯ ಸೊನ್ನೆ ಡಿಗ್ರಿಯಲ್ಲಿ ಕೆಡುವುದಕ್ಕಿಂತ ಹತ್ತು ಡಿಗ್ರಿಯಲ್ಲಿ ಮೀನು ನಾಲ್ಕು ಪಟ್ಟು ಬೇಗ ಕೆಡುತ್ತದೆ. ಬಯಲುಸೀಮೆಯ ಹಗಲಿನ ಉಷ್ಣತೆಯಲ್ಲಿ ಅದು ಇನ್ನೆಷ್ಟು ಬೇಗ ಎಂಬುದನ್ನು ಮೂಗೇ ಹೇಳುತ್ತದೆ. ಇದಕ್ಕೆ ಬೇಕಾದ ಮಂಜುಗಡ್ಡೆ ಎಷ್ಟು? ಒಂದು ಕಿಲೋ ಮಂಜುಗಡ್ಡೆ ಕರಗುವಾಗ 334 ಕಿಲೋಜೂಲ್ ಶಾಖವನ್ನು ಹೀರಿಕೊಳ್ಳುತ್ತದೆ. 28 ಡಿಗ್ರಿಯ ಒಂದು ಕಿಲೋ ಮೀನನ್ನು ಸೊನ್ನೆಗೆ ಇಳಿಸಲು ತೆಗೆಯಬೇಕಾದ ಶಾಖ ಸುಮಾರು 100 ಕಿಲೋಜೂಲ್. ಲೆಕ್ಕಕ್ಕೆ ಒಂದು ಕಿಲೋ ಮಂಜುಗಡ್ಡೆ ಮೂರು ಕಿಲೋ ಮೀನಿಗೆ ಸಾಕು. ಪೆಟ್ಟಿಗೆಯ ಗೋಡೆಯಿಂದ ಒಳನುಗ್ಗುವ ಶಾಖವನ್ನೂ ಹಿಡಿದು, ಮೀನಿನಷ್ಟೇ ತೂಕದ ಮಂಜುಗಡ್ಡೆ ಇಟ್ಟುಕೊಳ್ಳುವುದು ರೂಢಿ. ಹತ್ತು ಕಿಲೋ ಮಂಜುಗಡ್ಡೆ, ಐದು ಕಿಲೋ ಪೆಟ್ಟಿಗೆ ಸೇರಿದರೆ ಹಳೆಯ ಎರಡು ಮೀಟರಿನ ಹರಿಗೋಲು ಇನ್ನೂ ಅರ್ಧ ಸೆಂಟಿಮೀಟರ್ ಇಳಿಯುತ್ತದೆ, ಅಷ್ಟೇ. ನೀರಿನಿಂದ ಒಂದು ಮೀನನ್ನೂ ಹೆಚ್ಚಿಗೆ ತೆಗೆಯದೆ ಕೈಗೆ ಬರುವ ಬೆಲೆಯನ್ನು ಏರಿಸುವ ದಾರಿ ಇದು. ಮಂಜುಗಡ್ಡೆ ಸಿಗುವ ಜಾಗ ದೂರ ಎಂಬ ತೊಂದರೆ ನಿಜವಾದದ್ದು, ಒಂಟಿ ಕುಟುಂಬದಿಂದ ಅದು ಬಗೆಹರಿಯದು. ಆದರೆ ಸಹಕಾರ ಸಂಘವೊಂದು ಸದಸ್ಯರಿಗೆಲ್ಲ ಒಟ್ಟಾಗಿ ಮಂಜುಗಡ್ಡೆ ತರಿಸುವುದು ಒಂದೊಂದು ಕುಟುಂಬವೂ ಬೇರೆ ಬೇರೆ ಎಂಜಿನ್ ಕೊಳ್ಳುವುದಕ್ಕಿಂತ ಅಗ್ಗ.

ಇಷ್ಟೆಲ್ಲ ಒಪ್ಪಿದವರೂ ಕೊನೆಗೆ ಎತ್ತುವ ಮಾತು ಅತ್ಯಂತ ಗಟ್ಟಿಯಾದದ್ದು: ನಾನು ದೊಡ್ಡ ದೋಣಿ ತರದಿದ್ದರೆ ಪಕ್ಕದವನು ತರುತ್ತಾನೆ, ನನ್ನ ಮೀನನ್ನೂ ಅವನೇ ಬಾಚುತ್ತಾನೆ. ದೊಡ್ಡ ದೋಣಿ ಹೆಚ್ಚು ಬಲೆ ಒಯ್ಯುತ್ತದೆ, ಹೆಚ್ಚು ಬಲೆ ಹಾಕಿದವನಿಗೆ ಮೊದಲ ವರ್ಷ ಹೆಚ್ಚು ಮೀನು ಸಿಗುತ್ತದೆ ಎಂಬುದು ನಿಜವೇ. 1954ರಲ್ಲಿ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಇದರ ಮುಂದಿನ ಕಥೆಯನ್ನು ಗಣಿತದಲ್ಲಿ ಬರೆದರು. ಮಿಲ್ನರ್ ಶೇಫರ್ ಎಂಬ ಜೀವವಿಜ್ಞಾನಿ ತೋರಿಸಿದ್ದು, ಹಿಡಿಯುವ ಶ್ರಮ ಹೆಚ್ಚಿದಂತೆ ಇಳುವರಿ ಒಂದು ಎತ್ತರದವರೆಗೆ ಏರಿ ಆಮೇಲೆ ಇಳಿಯುತ್ತದೆ ಎಂಬುದನ್ನು. ಅವನ ಮಾದರಿಯಲ್ಲಿ ಆ ಎತ್ತರ ಬರುವುದು ಮೀನಿನ ರಾಶಿ ತನ್ನ ಸಹಜ ಪೂರ್ಣತೆಯ ಅರ್ಧದಷ್ಟಿದ್ದಾಗ. ಸ್ಕಾಟ್ ಗಾರ್ಡನ್ ಎಂಬ ಅರ್ಥಶಾಸ್ತ್ರಜ್ಞ ತೋರಿಸಿದ್ದು, ಯಾರು ಬೇಕಾದರೂ ನುಗ್ಗಬಹುದಾದ ನೀರಿನಲ್ಲಿ ಲಾಭವೆಲ್ಲ ಖರ್ಚಿನಲ್ಲಿ ಕರಗುವ ತನಕ ದೋಣಿಗಳು ಹೆಚ್ಚುತ್ತಲೇ ಹೋಗುತ್ತವೆ ಎಂಬುದನ್ನು. ಎಲ್ಲರೂ ದೊಡ್ಡ ದೋಣಿ ತಂದಾಗ ಒಬ್ಬೊಬ್ಬರ ಪಾಲು ಮೊದಲಿನಷ್ಟೇ ಆಗುತ್ತದೆ ಅಥವಾ ಇನ್ನೂ ಕಡಿಮೆ. ಸಾಲ ಮಾತ್ರ ಎಲ್ಲರ ತಲೆಯ ಮೇಲೆ ಉಳಿಯುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ ಕಾರ್ಖಾನೆಗಳಂಥ ಟ್ರಾಲರ್‌ಗಳು 1968ರಲ್ಲಿ ಎಂಟು ಲಕ್ಷ ಟನ್ ಕಾಡ್ ಮೀನು ಬಾಚಿದ್ದವು. 1992ರ ಜುಲೈಯಲ್ಲಿ ಆ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ನಮ್ಮದೇ ಕರಾವಳಿಯಲ್ಲಿ 1970ರ ದಶಕದ ನಡುವೆ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ, ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಸಮುದ್ರ ಇಷ್ಟು ಅಗಾಧವಾಗಿದ್ದೂ ಹೀಗಾಗುವುದಾದರೆ, ದಡದಿಂದ ದಡ ಕಾಣುವ ಜಲಾಶಯಕ್ಕೆ ಉಳಿಗಾಲವೆಲ್ಲಿ? ಜಲಾಶಯದಲ್ಲಿ ಇನ್ನೊಂದು ಅಪಾಯವೂ ಇದೆ. ಪೈಪೋಟಿ ಬಿಗಿಯಾದಾಗ ಬಲೆಯ ಕಣ್ಣು ಕಿರಿದಾಗುತ್ತ ಬರುತ್ತದೆ. ಒಳ್ಳೆಯ ಮೇವಿದ್ದಲ್ಲಿ ಕಾಟ್ಲಾ ಒಂದೇ ವರ್ಷದಲ್ಲಿ ಕಿಲೋ ತೂಗಬಲ್ಲದು. ಅದನ್ನು ಕಾಲು ಕಿಲೋ ಇರುವಾಗಲೇ ಹಿಡಿದವರು ಅದೇ ಮರಿಯಿಂದ ಬರಬೇಕಾಗಿದ್ದ ತೂಕದ ಮುಕ್ಕಾಲು ಪಾಲನ್ನು ಕಳೆದುಕೊಂಡಂತೆ. ಅದಕ್ಕೇ ಹೊಸ ದೋಣಿಯ ಬದಲು ದೊಡ್ಡ ಕಣ್ಣಿನ ಹೊಸ ಬಲೆ ಎಂದು ನಾನು ಒತ್ತಿ ಹೇಳುತ್ತೇನೆ. ಅಗಲ ಕಣ್ಣಿನ ಬಲೆ ಸಣ್ಣದನ್ನು ದಾಟಲು ಬಿಡುತ್ತದೆ, ಬೆಳೆದದ್ದನ್ನು ಹಿಡಿಯುತ್ತದೆ.

ಆದರೆ ಇದನ್ನು ಒಬ್ಬರೇ ಮಾಡಿ ಫಲವಿಲ್ಲ, ನಾನು ಬಿಟ್ಟ ಮರಿ ಪಕ್ಕದ ಬಲೆಗೆ ಬೀಳುತ್ತದೆ. ಇಲ್ಲಿ ಟರ್ಕಿಯ ಅಲಾನ್ಯಾ ಎಂಬ ಕಡಲತೀರದ ಮೀನುಗಾರರು ಕಂಡುಕೊಂಡ ದಾರಿ ನಮಗೂ ಒದಗುತ್ತದೆ. ಸಮುದಾಯಗಳು ಹಂಚಿಕೊಂಡು ಬಳಸುವ ಸಂಪತ್ತಿನ ಅಧ್ಯಯನಕ್ಕೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಇದನ್ನು ತಮ್ಮ 1990ರ ಪುಸ್ತಕದಲ್ಲಿ ವಿವರಿಸಿದ್ದಾರೆ. ಅಲ್ಲಿನವರು ಬಲೆ ಹಾಕುವ ಜಾಗಗಳಿಗೆಲ್ಲ ಹೆಸರಿಟ್ಟು ಪಟ್ಟಿ ಮಾಡಿದರು. ಒಂದು ಜಾಗದ ಬಲೆ ಪಕ್ಕದ ಜಾಗದ ಮೀನನ್ನು ತಡೆಯದಷ್ಟು ಅಂತರ ಬಿಟ್ಟರು. ವರ್ಷಕ್ಕೊಮ್ಮೆ ಚೀಟಿ ಎತ್ತಿ ಜಾಗ ಹಂಚಿಕೊಂಡು, ಋತುವಿನುದ್ದಕ್ಕೂ ದಿನಕ್ಕೊಂದು ಜಾಗ ಸರಿಯುತ್ತ ಎಲ್ಲರಿಗೂ ಒಳ್ಳೆಯ ಜಾಗದ ಸರದಿ ಬರುವಂತೆ ನೋಡಿಕೊಂಡರು. ಮೊದಲು ಓಡಿಹೋಗಿ ಜಾಗ ಹಿಡಿಯುವ ಅಗತ್ಯ ಹೋದಾಗ ವೇಗದ ದೋಣಿಯ ಅಗತ್ಯವೂ ಹೋಯಿತು. ಅದು ತೆರೆದ ಸಮುದ್ರ, ಇದು ಏರಿಳಿಯುವ ಜಲಾಶಯ, ಇಲ್ಲಿ ಜಾಗಗಳೇ ನಿಲ್ಲುವುದಿಲ್ಲ ಎಂದು ವಾದಿಸಬಹುದು. ಏರಿಳಿತವೇ ಇಲ್ಲಿ ಅನುಕೂಲ ಎಂಬುದು ನನ್ನ ಉತ್ತರ. ಸಮುದ್ರದ ತಳ ಯಾರಿಗೂ ಕಾಣುವುದಿಲ್ಲ, ರೇಣುಕಾ ಸಾಗರದ ತಳದ ಎಷ್ಟೋ ಭಾಗ ಬೇಸಿಗೆಯಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಹಳೆಯ ಹಳ್ಳದ ಜಾಡು, ಮುಳುಗಿದ್ದ ಹೊಲದ ಬದು, ಮೀನು ಕೂಡುವ ತಗ್ಗು ಎಲ್ಲವೂ ಬಿಸಿಲಿಗೆ ಬಿದ್ದಿರುತ್ತವೆ. ಇನ್ನು ಸಹಾಯಧನದ ಮಾತು. ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆ 2020ರಲ್ಲಿ ಆರಂಭವಾದಾಗಿನಿಂದ, ಫಲಾನುಭವಿ ಘಟಕಗಳಿಗೆ ಸಾಮಾನ್ಯ ವರ್ಗಕ್ಕೆ ಶೇಕಡ 40, ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡಗಳಿಗೂ ಶೇಕಡ 60ರವರೆಗೆ ಸಹಾಯಧನ ಸಿಗುವ ವ್ಯವಸ್ಥೆ ಇದೆ. ಅದಕ್ಕೆ ಅರ್ಜಿ ತುಂಬುವ ಮೊದಲು, ಮೇ ತಿಂಗಳಲ್ಲಿ, ಮುಂಗಾರು ಘಟ್ಟ ಹತ್ತುವುದಕ್ಕೆ ಮುಂಚೆ, ಸಂಘದ ಸದಸ್ಯರೆಲ್ಲ ಆ ಒಣತಳದ ಮೇಲೆ ನಡೆದು ಜಾಗಗಳನ್ನು ಗುರುತಿಸಿ ಎಣಿಸಲಿ. ಎಷ್ಟು ಜಾಗವಿದೆಯೋ ಅಷ್ಟು ಬಲೆ, ಬಲೆಗೆ ತಕ್ಕಷ್ಟು ಅಗಲದ ಹರಿಗೋಲು, ಹರಿಗೋಲಿಗೊಂದು ಪೆಟ್ಟಿಗೆ ಎಂದು ಪಟ್ಟಿ ಆ ಮೇಲೆ ತಯಾರಾಗಲಿ.